ಹನ್ನೆರಡು ತುಂಬುವ ಮೊದಲು ಬಲ್ಲವರು

ಹನ್ನೆರಡು ವರ್ಷ ತುಂಬುವ ಮೊದಲು ನಿಮ್ಮನ್ನು ಚೆನ್ನಾಗಿ ಬಲ್ಲವರು ಇಬ್ಬರು ಬೇಕು ಎಂದು ಡಾಕ್ಟರ್ ಪ್ರಿಚರ್ಡ್ ಹೇಳಿದಾಗ ಜನೀನ್ ಬೀಟನ್‌ಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ.

“ಅಮ್ಮ ಇದಾಳೆ. ಕೊಲೆಟ್ ಇದಾಳೆ,” ಎಂದಳು.

“ಕೊಲೆಟ್ ಅಂದ್ರೆ ಯಾರು?”

“ನನ್ನ ಗೆಳತಿ. ಮೂರನೇ ಕ್ಲಾಸಿಂದ. ಈಗ್ಲೂ ಪ್ರತಿ ಗುರುವಾರ ಮನೆಗೆ ಬರ್ತಾಳೆ.”

ಡಾಕ್ಟರ ಪೆನ್ನು ಕಾಗದದ ಮೇಲೆ ಒಂದು ಗಳಿಗೆ ನಿಂತಿತು. ಐವತ್ತರ ಆಸುಪಾಸಿನ ಹೆಂಗಸು, ತಗ್ಗಿದ ದನಿ. ಜನೀನ್ ಒಳಗೆ ಬರುವ ಮೊದಲೇ ಟ್ಯೂಬ್‌ಲೈಟ್ ಆರಿಸಿ ಮೂಲೆಯ ದೀಪವೊಂದನ್ನು ಹಚ್ಚಿಟ್ಟಿದ್ದರು.

“ಯಾಕೆ ನಿಲ್ಲಿಸಿದ್ರಿ?” ಎಂದು ಜನೀನ್ ಕೇಳಿದಳು.

“ಮೂವತ್ತೊಂದು ವರ್ಷದ ಸ್ನೇಹ ಅಂದ್ರೆ ದೊಡ್ಡದು. ಸಂತೋಷ. ಆದ್ರೆ ನಾನಿಲ್ಲಿ ಹುಡುಕ್ತಿರೋದಕ್ಕೆ ಅದು ಅಷ್ಟಾಗಿ ಹೊಂದಲ್ಲ. ಆಟಿಸಂ ಇರೋ ಮಕ್ಕಳಿಗೆ ಗೆಳೆಯರು ಸಿಗಲ್ಲ ಅಂತ ಹೇಳ್ತಿಲ್ಲ. ಹೇಗೆ ಸಿಕ್ರು, ಹೇಗೆ ಉಳಿದ್ರು ಅನ್ನೋದನ್ನ ನೋಡ್ಬೇಕು. ಅದನ್ನ ನೀವು ಹೇಳಿದ್ರೆ ಸಾಲದು. ಪಕ್ಕದಲ್ಲಿದ್ದು ನೋಡಿದವರು ಹೇಳ್ಬೇಕು.”

ಎರಡು ಫಾರಂ ಕೊಟ್ಟರು. ಒಂದೊಂದರಲ್ಲೂ ತೊಂಬತ್ತು ಪ್ರಶ್ನೆ. ತುಂಬಿದವರು ತಾವೇ ಲಕೋಟೆ ಅಂಟಿಸಿ ನೇರವಾಗಿ ಕಳಿಸಬೇಕು, ಬೇಕಾದರೆ ಅವರೊಂದಿಗೆ ನಾನು ಫೋನಿನಲ್ಲೂ ಮಾತಾಡುತ್ತೇನೆ ಎಂದರು. ಜನೀನ್ ಹನ್ನೊಂದು ತಿಂಗಳು ಕಾದು ಪಡೆದ ಭೇಟಿ ಅದು. ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಯಿಂದ ಅವಳ ಊರಿರುವ ಕೇಪ್ ಬ್ರೆಟನ್ ದ್ವೀಪಕ್ಕೆ ನಾಲ್ಕು ಗಂಟೆಯ ದಾರಿ. ಸಮುದ್ರದ ಮೇಲಿನ ಕಟ್ಟೆರಸ್ತೆ ದಾಟುವವರೆಗೂ ಆ ಎರಡು ಲಕೋಟೆ ಪಕ್ಕದ ಸೀಟಿನಲ್ಲಿದ್ದವು. ಜಾರದಿರಲೆಂದು ಅವುಗಳ ಮೇಲೂ ಸೀಟ್‌ಬೆಲ್ಟ್ ಎಳೆದು ಹಾಕಿದ್ದಳು.

ಮೂವತ್ತೊಂಬತ್ತಕ್ಕೆ ಇದೆಲ್ಲ ಯಾಕೆ ಬೇಕಾಯಿತು ಎಂದು ಯಾರಾದರೂ ಕೇಳಿದರೆ ಅವಳ ಬಳಿ ಉತ್ತರವಿತ್ತು. ಹೋದ ವರ್ಷ ಮಾರ್ಚಿನಲ್ಲಿ ಅಪ್ಪ ರೋರಿ ತೀರಿಕೊಂಡ. ಊರ ರೂಢಿಯಂತೆ ಮೂರು ದಿನ ಅವನ ದೇಹವನ್ನು ಮನೆಯ ಮುಂದಿನ ಕೋಣೆಯಲ್ಲೇ ಮಲಗಿಸಿದ್ದರು. ಊರಿಗೆ ಊರೇ ಬಂತು. ಬಂದವರೆಲ್ಲ ಮೀನಿನ ವಡೆ, ಮಾಂಸದ ಕಡುಬು, ಓಟ್ಸ್ ಬಿಸ್ಕತ್ತು ತಂದರು. ಊರಿನ ಹೆಂಗಸರು ತಮ್ಮ ಪಾತ್ರೆಯ ತಳಕ್ಕೆ ಪಟ್ಟಿ ಅಂಟಿಸಿ ಅದರ ಮೇಲೆ ಹೆಸರು ಬರೆದಿರುತ್ತಾರೆ. ಬಿಸಿನೀರಿಗೆ ಬಿದ್ದಾಗ ಪಟ್ಟಿ ಕಿತ್ತು ಬರುತ್ತದೆ, ಆಮೇಲೆ ವರ್ಷಗಟ್ಟಲೆ ಮನಸ್ತಾಪ. ಜನೀನ್ ಮೂರು ದಿನವೂ ಅಡುಗೆಮನೆಯಲ್ಲೇ ನಿಂತು ನಲವತ್ತಮೂರು ಪಾತ್ರೆ ತೊಳೆದಳು, ಯಾವುದು ಯಾರದೆಂದು ನೆನಪಿಟ್ಟು ಬೇರೆ ಬೇರೆ ಜೋಡಿಸಿದಳು. ಒಂದು ತಟ್ಟೆಯೂ ತಪ್ಪು ಮನೆಗೆ ಹೋಗಲಿಲ್ಲ. ಅಪ್ಪನಿಗಾಗಿ ತನ್ನ ಕೈಲಾದದ್ದು ಅದು ಎಂದು ಅವಳು ತಿಳಿದಿದ್ದಳು.

ಮೂರನೆಯ ದಿನ ಬಾಗಿಲಲ್ಲಿ ಚಿಕ್ಕಮ್ಮ ನಿಂತು, “ಅಪ್ಪ ಅಲ್ಲಿ ಮಲಗಿದಾನೆ, ಇವಳು ಇಲ್ಲಿ ಪಿಂಗಾಣಿ ಜೋಡಿಸ್ತಾಳೆ. ಒಂದು ಹನಿ ಕಣ್ಣೀರು ನೋಡಿದ್ರಾ ಯಾರಾದ್ರೂ?” ಎಂದಳು. ಅಮ್ಮ ಕ್ಯಾಸಿ, ಎಲ್ಲರಿಗೂ ಕೇಳುವ ಹಾಗೆ, “ಅವಳಿಗೆ ಹೃದಯ ಇರೋ ಜಾಗದಲ್ಲಿ ಏನೂ ಇಲ್ಲ. ಹುಟ್ಟಿದಾಗಿಂದ ಹಾಗೇ,” ಎಂದಳು.

ಹೃದಯವಿಲ್ಲದವಳು ಎಂಬುದನ್ನು ಬಿಟ್ಟು ತನಗೆ ಬೇರೊಂದು ಹೆಸರಿದ್ದರೆ ಆ ಹೆಸರು ಜನೀನ್‌ಗೆ ಬೇಕಿತ್ತು. ಅಂತ್ಯಕ್ರಿಯೆ ಮುಗಿದ ಮೂರನೆಯ ವಾರ ಆಸ್ಪತ್ರೆಗೆ ಫೋನು ಮಾಡಿ ಹೆಸರು ಬರೆಸಿದ್ದಳು.

*

ಅಮ್ಮನ ಅಡುಗೆಮನೆಯಲ್ಲಿ ಚಹಾ ಎಂದಿನಂತೆ ಒಲೆಯ ಮೇಲೆ ಕಪ್ಪಾಗಿ ಕುದಿಯುತ್ತಿತ್ತು. ಕ್ಯಾಸಿಗೆ ಅರವತ್ತೆಂಟು. ಊರಿನ ಮಂಜುಗಡ್ಡೆಯ ಆಟದಂಗಳವಾದ ಐಸ್ ರಿಂಕಿನಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಸ್ಕೇಟಿಂಗ್ ಕಲಿಸಿದವಳು. ಈಗಲೂ ಕುರ್ಚಿಗೆ ಬೆನ್ನು ತಾಗಿಸಿ ಕೂರುತ್ತಿರಲಿಲ್ಲ.

“ನಿನ್ನ ವಯಸ್ಸೆಷ್ಟೇ?”

“ಮೂವತ್ತೊಂಬತ್ತು. ನಿನಗೆ ಗೊತ್ತಲ್ಲ.”

“ಗೊತ್ತು ಕಣೇ. ಈ ವಯಸ್ಸಲ್ಲಿ ಜನ ಮೊಣಕಾಲು ತೋರಿಸೋಕೆ ಹೋಗ್ತಾರೆ. ನನ್ನ ಮಗಳು ತಲೆ ತೋರಿಸೋಕೆ ಹೋಗಿದ್ದಾಳೆ.”

“ಎಷ್ಟು ನೆನಪಿದೆಯೋ ಅಷ್ಟು ಬರಿ ಸಾಕು.”

ಕ್ಯಾಸಿ ಪೆನ್ನು ಹುಡುಕಲಿಲ್ಲ. ಚರ್ಚಿನ ಹಾಲ್‌ನಲ್ಲಿ ಬಿಂಗೊ ಆಡುವಾಗ ಚೀಟಿಯ ಅಂಕಿಗಳ ಮೇಲೆ ಚುಕ್ಕೆ ಒತ್ತಲು ಒಯ್ಯುವ ಮಸಿಬುಡ್ಡಿ ಕೈಗೆ ಸಿಕ್ಕಿತು. ಅದನ್ನೇ ತೆಗೆದು ‘ಎಂದೂ ಇಲ್ಲ’ ಎಂಬ ಸಾಲಿನುದ್ದಕ್ಕೂ ನೇರಳೆ ಚುಕ್ಕೆ ಒತ್ತುತ್ತಾ ಹೋದಳು. ಠಪ್, ಠಪ್, ಠಪ್.

“ಓದದೆ ಒತ್ತುತಾ ಇದೀಯ.”

“ನಿನ್ನ ಹೆತ್ತಿದೀನಿ. ಓದಬೇಕಾ?”

“ಹದಿನಾಲ್ಕನೇದು ನೋಡು. ಮಾತಾಡುವಾಗ ಎದುರಿಗಿದ್ದವರ ಕಣ್ಣು ನೋಡುವುದಕ್ಕೆ ಕಷ್ಟಪಡುತ್ತಿದ್ದಳೇ? ನೀನು ಎಂದೂ ಇಲ್ಲ ಅಂತ ಹಾಕಿದೀಯ.”

“ನೋಡ್ತಿದ್ದೆಯಲ್ಲ?”

“ನೀನು ಹೇಳ್ಕೊಟ್ಟಿದ್ದೆ ಅಮ್ಮ. ಹುಬ್ಬುಗಳ ನಡುವೆ ನೋಡು, ಮೂರು ಎಣಿಸು, ಕಿಟಕಿ ಕಡೆ ನೋಡು, ಮತ್ತೆ ಮೂರು ಎಣಿಸು ಅಂತ. ಕನ್ನಡಿ ಮುಂದೆ ನಿಲ್ಲಿಸಿ.”

“ಹೇಳ್ಕೊಟ್ಟೆ, ನೀನು ಕಲಿತೆ. ಕಲಿತ ಮೇಲೆ ಬರುತ್ತೆ ಅಂತ ತಾನೇ ಅರ್ಥ? ನನ್ನ ಹತ್ರ ಬಂದ ಮಕ್ಕಳಲ್ಲಿ ಒಬ್ಬಳಾದ್ರೂ ಹುಟ್ತಾನೇ ಐಸ್ ಮೇಲೆ ಗಿರಗಿರ ತಿರುಗ್ತಿದ್ಲಾ?” ಕ್ಯಾಸಿ ಹಾಳೆ ಮಗುಚಿದಳು. “ಇನ್ನು ಇದು ನೋಡು, ‘ಆಪ್ತ ಗೆಳೆಯರು ಇರಲಿಲ್ಲವೇ?’ ಇದ್ರು! ಕೊಲೆಟ್ ಇದ್ಲು. ಇದನ್ನ ದಪ್ಪಗೆ ಒತ್ತುತೀನಿ.”

ಒತ್ತಿದಳು. ಮಸಿ ಹಿಂದಿನ ಹಾಳೆಗೂ ಇಳಿಯಿತು. ಐದು ನಿಮಿಷದಲ್ಲಿ ತೊಂಬತ್ತು ಪ್ರಶ್ನೆ ಮುಗಿಸಿ, ಲಕೋಟೆಯ ಅಂಟಿಗೆ ನಾಲಿಗೆ ತಾಗಿಸಿ, “ಚಹಾ ಕುಡಿ, ಆರಿಹೋಗುತ್ತೆ,” ಎಂದಳು.

*

ಹಾಗಾಗಿ ಉಳಿದದ್ದು ಕೊಲೆಟ್ ಒಬ್ಬಳೇ.

ಕ್ಯಾಸಿ ಬಿಟ್ಟ ಕೆಲಸವನ್ನು ಈಗ ಕೊಲೆಟ್ ಪೊಯಿರಿಯೆ ಮಾಡುತ್ತಿದ್ದಳು. ಶನಿವಾರ ಮಧ್ಯಾಹ್ನ ಜನೀನ್ ಹೋದಾಗ ರಿಂಕಿನಲ್ಲಿ ಐದಾರು ಪುಟ್ಟ ಹುಡುಗಿಯರು ಬೀಳುತ್ತಾ ಏಳುತ್ತಾ ಇದ್ದರು. ಅವಳಿಗೆ ಆ ಕಟ್ಟಡದ ವಾಸನೆ ಚಿಕ್ಕಂದಿನಿಂದ ಪರಿಚಿತ: ತಣ್ಣನೆಯ ರಬ್ಬರು, ಒದ್ದೆ ಉಣ್ಣೆ, ಕರಿದ ಆಲೂಗಡ್ಡೆ. ಅಪ್ಪ ಇಲ್ಲಿ ಐಸ್ ನಯ ಮಾಡುವ ಯಂತ್ರ ಓಡಿಸುತ್ತಿದ್ದ. ಬೆಳಗ್ಗೆ ಐದಕ್ಕೆ ಅವನೇ ಬಾಗಿಲು ತೆರೆಯುತ್ತಿದ್ದ. ಜನೀನ್ ಅವನ ಜತೆ ಬಂದು, ಮರದ ಮೆಟ್ಟಿಲ ಮೇಲೆ ಕೂತು ಬಿಸಿ ಕೋಕೊ ಕುಡಿಯುತ್ತಾ, ಕೊಲೆಟ್ ಒಬ್ಬಳೇ ಅಷ್ಟು ದೊಡ್ಡ ಐಸಿನ ಮೇಲೆ ಸುತ್ತುವುದನ್ನು ನೋಡುತ್ತಿದ್ದಳು. ಆರೂವರೆಗೆ ಕೊಲೆಟ್ ಬಂದು ಪಕ್ಕದಲ್ಲಿ ಕೂತು ಲೇಸ್ ಬಿಚ್ಚುತ್ತಿದ್ದಳು. ಆಮೇಲೆ ಇಬ್ಬರೂ ಸೇರಿ ಶಾಲೆಗೆ. ಬಾಲ್ಯದಲ್ಲಿ ನಿಮಗೆ ಸುಖವಾಗಿದ್ದ ಹೊತ್ತು ಯಾವುದು ಎಂದು ಡಾಕ್ಟರು ಕೇಳಿದಾಗ ಅವಳು ಹೇಳಿದ್ದು ಇದನ್ನೇ.

ಆಲೂಗಡ್ಡೆ ಕರಿಯುತ್ತಿದ್ದ ಮುದುಕ ನೀಲಿ ಡಂಕನ್ ಅವಳನ್ನು ನೋಡಿ ಕಿಟಕಿಯಿಂದ ತಲೆ ಹೊರಹಾಕಿದ.

“ಬಾರಮ್ಮ ರೋರಿ ಮಗಳೇ! ನಿಮ್ಮಮ್ಮನ ಕೈಗೆ ಸಿಗದೆ ಪಾರಾದ ಹುಡುಗಿ ಅಂದ್ರೆ ಈ ಊರಲ್ಲಿ ನೀನೊಬ್ಳೇ.”

“ನಾನು ಪಾರಾಗ್ಲಿಲ್ಲ. ನನಗೆ ಬರ್ಲಿಲ್ಲ.”

“ಪುಣ್ಯ ಮಾಡಿದ್ದೆ ಬಿಡು. ನನ್ನ ಮಗಳು ಆ ಬೆಳಗಿನ ಐಸಿಗೋಸ್ಕರ ನಿಮ್ಮಮ್ಮನ ಕಾಲು ಹಿಡಿಯೋದೊಂದು ಬಾಕಿ. ಐಸ್ ಹಾಕಿ ಆಡೋ ಹುಡುಗರು ಬರೋ ಮುಂಚೆ ಒಂದು ಗಂಟೆ ಕೊಡಿ, ಒಂದು ಗಂಟೆ ಸಾಕು ಅಂತ. ಊಹೂಂ! ಅದೆಲ್ಲ ಆ ಪೊಯಿರಿಯೆ ಹುಡುಗಿಗೆ. ಏಳು ವರ್ಷ, ಅವಳೊಬ್ಬಳಿಗೇ! ಏನು ಮೋಡಿ ಮಾಡಿದ್ಲೋ.”

“ಅವಳು ಚೆನ್ನಾಗಿ ಆಡ್ತಿದ್ಲು,” ಎಂದಳು ಜನೀನ್.

“ಶುರು ಮಾಡಿದಾಗ ಅವಳು ಕೊಟ್ಟಿಗೆ ಹಸು ಹಂಗೆ ಜಾರ್ತಿದ್ಲು ಕಣಮ್ಮ. ನಾನೇ ನೋಡಿದೀನಿ,” ಎಂದು ಮುದುಕ ನಕ್ಕು ಎಣ್ಣೆಯ ಕಡೆ ತಿರುಗಿದ.

ಕೊಲೆಟ್ ಹುಡುಗಿಯರನ್ನು ಕಳಿಸಿ ಬಂದಳು. ಲಕೋಟೆ ತೆಗೆದುಕೊಂಡಳು, ಮೊದಲ ಹಾಳೆ ಓದಿದಳು, ಎರಡನೆಯದನ್ನೂ ಓದಿದಳು. ಕೈಗವಸು ಬಿಚ್ಚಿ ಮೂರನೆಯದನ್ನೂ ಓದಿದಳು.

“ಕ್ಯಾಸಿ ಏನು ಬರೆದ್ಲು?”

“ಎಲ್ಲಾ ‘ಎಂದೂ ಇಲ್ಲ.’ ಬಿಂಗೊ ಮಸೀಲಿ.”

ಬೇರೆ ದಿನವಾಗಿದ್ದರೆ ಕೊಲೆಟ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗಲಿಲ್ಲ.

“ನಾನು ನಿಜ ಬರೀಬೇಕಾ ಜನೀನ್?”

“ಸುಳ್ಳು ಬರೆದ್ರೆ ಏನು ಉಪಯೋಗ? ನಾಲ್ಕು ಗಂಟೆ ಗಾಡಿ ಓಡಿಸಿಕೊಂಡು ಹೋಗಿದ್ದು ಸುಳ್ಳಿಗಾ?”

“ಅಲ್ಲ ಕಣೇ. ಎಲ್ಲಾ ನಿಜಾನಾ ಅಂತ ಕೇಳ್ದೆ.”

“ಎಲ್ಲಾ.”

ಕೊಲೆಟ್ ಲಕೋಟೆಯನ್ನು ಕೋಟಿನ ಒಳಜೇಬಿಗೆ ಹಾಕಿ ಜಿಪ್ ಕತ್ತಿನವರೆಗೂ ಎಳೆದಳು. ಅದರ ಮುಂದಿನ ಗುರುವಾರ ಬಂದಳು, ಅದರ ಮುಂದಿನ ವಾರವೂ ಬಂದಳು. ಎಂದಿನಂತೆ ಇಬ್ಬರೂ ಇಸ್ಪೀಟು ಆಡಿದರು. ಫಾರಂ ಕಳಿಸಿದೆ ಎಂದಷ್ಟೇ ಹೇಳಿದಳು.

*

ವರದಿ ಬಂದದ್ದು ಮೇ ತಿಂಗಳಲ್ಲಿ. ಜನೀನ್ ನೀರು ಶುದ್ಧಿ ಮಾಡುವ ಘಟಕದ ಕೆಲಸ ಮುಗಿಸಿ ಅಂಚೆ ಕಚೇರಿಗೆ ಹೋಗಿ, ದಪ್ಪ ಲಕೋಟೆ ತೆಗೆದುಕೊಂಡು ಗಾಡಿಯಲ್ಲೇ ಕೂತಳು. ಹದಿನಾರು ಪುಟ. ಮೇಲೆ ‘ಕರಡು’ ಎಂದಿತ್ತು. ಸಂಗತಿಗಳಲ್ಲಿ ತಪ್ಪಿದ್ದರೆ ಹದಿನಾಲ್ಕು ದಿನದೊಳಗೆ ಜತೆಗಿಟ್ಟ ಹಾಳೆಯಲ್ಲಿ ಬರೆದು ಕಳಿಸಿ, ಆಮೇಲೆ ಅಂತಿಮ ಪ್ರತಿಗೆ ರುಜು ಮಾಡುತ್ತೇನೆ ಎಂದು ಡಾಕ್ಟರು ಬರೆದಿದ್ದರು.

ಅವಳು ಯಾವುದನ್ನೂ ಕೊನೆಯಿಂದ ಓದುವವಳಲ್ಲ. ಅಂದು ಓದಿದಳು. ಹದಿನಾರನೆಯ ಪುಟದಲ್ಲಿ ಆ ಹೆಸರು ಇತ್ತು. ಆಟಿಸಂ. ಹುಟ್ಟಿನಿಂದ ಇರುವಂಥದ್ದು. ಅನುಮಾನವಿಲ್ಲ. ಅವಳು ಗಾಜು ಇಳಿಸಿ ಗಾಳಿ ಕುಡಿದಳು. ಹಾಗಾದರೆ ಅಡುಗೆಮನೆಯಲ್ಲಿ ನಿಂತದ್ದು ಅಪ್ಪನಿಗಾಗಿಯೇ ಎಂದು ಹೇಳಬಹುದು. ಇನ್ನು ಮೇಲೆ ಯಾರ ಮುಂದಾದರೂ ಹೇಳಬಹುದು.

ಆಮೇಲೆ ಮೊದಲಿನಿಂದ ಓದತೊಡಗಿದಳು. ಒಂಬತ್ತನೆಯ ಪುಟ ಹೀಗಿತ್ತು:

‘ತಾಯಿ ತುಂಬಿದ ಫಾರಂ ನಂಬಲರ್ಹವೆಂದು ತೋರಲಿಲ್ಲ. ಬಾಲ್ಯದ ಗೆಳತಿಯಾದ ಎರಡನೆಯ ಮಾಹಿತಿದಾರರೊಂದಿಗೆ ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಲಾಯಿತು. ಜನೀನ್ ಅವರಿಗೆ ತಾವಾಗಿ ಮಾಡಿಕೊಂಡ ಗೆಳೆಯರು ಯಾರೂ ಇರಲಿಲ್ಲವೆಂದೂ, ತಮ್ಮನ್ನು ಎಂಟನೆಯ ವಯಸ್ಸಿನಲ್ಲಿ ಜನೀನ್ ಅವರ ತಾಯಿಯೇ ಗೆಳತಿಯಾಗಿರಲು ಗೊತ್ತುಮಾಡಿದರೆಂದೂ ಅವರು ತಿಳಿಸಿದರು. ಶಾಲೆಯಲ್ಲಿ ಪಕ್ಕದಲ್ಲಿ ಕೂರುವುದು, ಊಟದ ಹೊತ್ತು ಜತೆಗಿರುವುದು, ಹುಟ್ಟುಹಬ್ಬಕ್ಕೆ ಬರುವುದು, ಬೇರೆ ಮಕ್ಕಳು ಗೇಲಿ ಮಾಡಿದರೆ ತಾಯಿಗೆ ಬಂದು ಹೇಳುವುದು ಇವರ ಕೆಲಸ. ಅದಕ್ಕೆ ಬದಲಾಗಿ ಪ್ರತಿದಿನ ಬೆಳಗ್ಗೆ ಒಂದೂವರೆ ಗಂಟೆ ಐಸ್ ಇವರೊಬ್ಬರಿಗೇ, ಜತೆಗೆ ತರಬೇತಿ. ಎರಡನೆಯ ತರಗತಿಯಲ್ಲಿ ಶಾಲೆಯವರು ಜನೀನ್ ಅವರನ್ನು ವೈದ್ಯರ ಪರೀಕ್ಷೆಗೆ ಕರೆದೊಯ್ಯಲು ಕಾಗದ ಕಳಿಸಿದ್ದರೆಂದೂ, ಆ ನಂತರವೇ ತಾಯಿ ಈ ಏರ್ಪಾಟು ಮಾಡಿದರೆಂದೂ ಇವರು ತಮ್ಮ ಮನೆಯಲ್ಲಿ ಕೇಳಿ ಬಲ್ಲರು. ಈ ಮಾಹಿತಿ ತೀರ್ಮಾನಕ್ಕೆ ಮುಖ್ಯ ಆಧಾರ.’

ಜನೀನ್ ಅದನ್ನು ನಾಲ್ಕು ಸಲ ಓದಿದಳು. ಅವಳಿಗೆ ಮೊದಲು ಹೊಳೆದದ್ದು ಒಂದು ಸಣ್ಣ ಸಂಗತಿ. ಬೆಳಗ್ಗೆ ಲೇಸ್ ಬಿಚ್ಚಿದ ಮೇಲೆ ಕೊಲೆಟ್ ಯಾವಾಗಲೂ ಒಮ್ಮೆ ಐಸಿನಾಚೆ ನಿಂತ ಕ್ಯಾಸಿಯ ಕಡೆ ನೋಡಿ, ಆಮೇಲೆ ‘ಹೊರಡೋಣ್ವಾ’ ಎನ್ನುತ್ತಿದ್ದಳು. ಅದೇಕೆ ನೋಡುತ್ತಾಳೆ ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ.

*

ಕೊಲೆಟ್ ರಿಂಕಿನ ಹಿಂದಿನ ಕೋಣೆಯಲ್ಲಿ ಸ್ಕೇಟುಗಳಿಗೆ ಸಾಣೆ ಹಿಡಿಯುತ್ತಿದ್ದಳು. ಜನೀನ್ ಕೈಯಲ್ಲಿ ಹಾಳೆ ನೋಡಿದ ಕೂಡಲೇ ಯಂತ್ರ ನಿಲ್ಲಿಸಿದಳು.

“ಬಂತಾ?”

“ಬಂತು. ಒಂಬತ್ತನೇ ಪುಟದಲ್ಲಿ ನೀನಿದೀಯ.”

“ಆ ಹೆಂಗಸು ಇಷ್ಟೆಲ್ಲ ಬರೀತಾಳೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ. ಸುಮ್ಮನೆ ಕೇಳಿಸಿಕೊಳ್ತಾಳೆ ಅಂದ್ಕೊಂಡಿದ್ದೆ.”

“ಎಲ್ಲಿವರೆಗೆ?”

“ಏನು?”

“ಈ ಏರ್ಪಾಟು. ಯಾವ ವರ್ಷದವರೆಗೆ?”

ಕೊಲೆಟ್ ಸ್ಕೇಟನ್ನು ಮೇಜಿನ ಮೇಲಿಟ್ಟಳು. “ಹತ್ತನೇ ಕ್ಲಾಸು. ನನ್ನ ಪಾದ ಮುರೀತಲ್ಲ, ಆವಾಗ ಐಸ್ ನಿಂತು ಹೋಯ್ತು. ಆಮೇಲೂ ನಾನು ಬಂದೆ ಜನೀನ್. ಐಸ್ ಇಲ್ಲದೇನೂ ಬಂದೆ. ಅದನ್ನ ನೋಡು.”

“ಯಾವ ದಿನದಿಂದ?”

“ಯಾವ ದಿನ ಅಂದ್ರೆ?”

“ಯಾವ ದಿನ ಐಸಿಗೋಸ್ಕರ ಬಂದೆ, ಯಾವ ದಿನ ನನಗೋಸ್ಕರ ಬಂದೆ? ನನಗೆ ಎರಡೂ ಒಂದೇ ಥರ ಕಾಣ್ತಿತ್ತು. ನೀನು ಒಂದೇ ಥರ ನಗ್ತಿದ್ದೆ. ಒಂದೇ ಥರ ಬಾಗಿಲು ತಟ್ತಿದ್ದೆ.”

“ಅಂಥದಕ್ಕೆಲ್ಲ ತಾರೀಖು ಇರುತ್ತೇನೇ?”

“ಇರುತ್ತೆ. ಮೊದಲ್ನೇದಕ್ಕೆ ಇದೆ. ಸೆಪ್ಟೆಂಬರ್ ಆರು, ಮಂಗಳವಾರ. ನೀನು ಬಂದು ‘ನಾನು ನಿನ್ನ ಪ್ರಾಣಸ್ನೇಹಿತೆ’ ಅಂದೆ. ನಾನು ಸರಿ ಅಂದೆ.”

ಕೊಲೆಟ್ ಕಣ್ಣೊರೆಸಿಕೊಂಡಳು. ಅವಳ ಬೆರಳಲ್ಲಿದ್ದ ಕಬ್ಬಿಣದ ಪುಡಿ ಕೆನ್ನೆಗೆ ಅಂಟಿತು. “ನಂಗೆ ಎಂಟು ವರ್ಷ. ನಮ್ಮಮ್ಮ ಹೇಳಿದ್ಲು, ಹೋಗಿ ಹಾಗನ್ನು ಅಂತ. ಅಂದೆ. ಎಂಟು ವರ್ಷದ ಹುಡುಗೀನ ಏನಂತ ಬಯ್ತೀಯ?”

“ಎಂಟು ವರ್ಷದವಳನ್ನ ಬಯ್ತಿಲ್ಲ. ಮೂವತ್ತು ವರ್ಷದವಳು ಯಾಕೆ ಹೇಳ್ಲಿಲ್ಲ? ಮೂವತ್ತೊಂಬತ್ತರವಳು? ಪ್ರತಿ ಗುರುವಾರ ಮೂರು ಗಂಟೆ ಹೊತ್ತು ಎದುರಿಗೆ ಕೂರ್ತೀಯ. ಗುರುತು ಪರಿಚಯ ಇಲ್ಲದ ಡಾಕ್ಟರ್ ಹತ್ರ ನಲವತ್ತು ನಿಮಿಷಕ್ಕೆ ಹೇಳ್ದೆ.”

“ನೀನೇ ಎಲ್ಲಾ ನಿಜ ಬರಿ ಅಂದೆಯಲ್ಲೇ! ನಾನು ಕೇಳ್ಲಿಲ್ವಾ? ಎರಡು ಸಲ ಕೇಳ್ದೆ. ಬರೀದಿದ್ರೆ ನಿನಗೆ ಆ ಹೆಸರು ಸಿಗ್ತಿತ್ತಾ? ಕ್ಯಾಸಿಯ ನೇರಳೆ ಚುಕ್ಕೆ ಇಟ್ಕೊಂಡು ಮನೇಲಿ ಕೂತಿರ್ತಿದ್ದೆ.”

ಅದು ನಿಜವಾಗಿತ್ತು. ಜನೀನ್‌ಗೆ ನಿಜವನ್ನು ನಿಜವಲ್ಲವೆಂದು ಹೇಳಲು ಬರುತ್ತಿರಲಿಲ್ಲ. ಹಾಳೆಗಳನ್ನು ಮಡಿಸಿ ಹೊರಟಳು. ಕೊಲೆಟ್ ಹಿಂದಿನಿಂದ, “ಗುರುವಾರ ಬರ್ತೀನಿ. ಬರ್ಲಾ? ಜನೀನ್?” ಎಂದು ಕೇಳಿದ್ದು ಕೇಳಿಸಿತು.

*

ಕ್ಯಾಸಿ ಒಂಬತ್ತನೆಯ ಪುಟವನ್ನು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಓದಿದಳು. ಬೆನ್ನು ಬಾಗಲಿಲ್ಲ.

“ನಂಬಲರ್ಹವಲ್ಲವಂತೆ. ನಾನು! ಅವಳಿಗೆಷ್ಟು ಮಕ್ಕಳಂತೆ, ಆ ಡಾಕ್ಟರಿಗೆ?”

“ಶಾಲೆಯವರು ಕಾಗದ ಕಳಿಸಿದ್ದು ನಿಜಾನಾ?”

“ಕಳಿಸಿದ್ರು. ಒಲೆಗೆ ಹಾಕ್ದೆ. ಆ ಕಾಲದಲ್ಲಿ ಹೆಸರಿಟ್ಟ ಮಕ್ಕಳನ್ನ ಎಲ್ಲಿ ಕೂರಿಸ್ತಿದ್ರು ಅಂತ ನಿನಗೆ ಗೊತ್ತಿಲ್ಲ. ಶಾಲೆಯ ನೆಲಮಾಳಿಗೇಲಿ, ಬಾಯ್ಲರ್ ಪಕ್ಕದ ಕೋಣೆ. ದಿನಾ ಬಣ್ಣದ ಮಣಿ ಪೋಣಿಸ್ತಾ ಕೂರ್ತಿದ್ವು ಆ ಕೂಸುಗಳು. ನನ್ನ ಮಗಳನ್ನ ಅಲ್ಲಿಗೆ ಕಳಿಸ್ಬೇಕಿತ್ತಾ?”

“ಇಲ್ಲ.”

“ಮತ್ತೆ? ಮಗುವಿಗೆ ಕಾಲು ಊನ ಆದ್ರೆ ಕೋಲು ಕೊಡಲ್ವಾ? ನಾನು ಕೊಲೆಟ್‌ನ ಕೊಟ್ಟೆ. ನನ್ನ ಹತ್ರ ಇದ್ದದ್ದು ಐಸ್ ಒಂದೇ. ಅದರಲ್ಲೇ ತಂದೆ.”

“ಕೋಲಿಗೆ ಗೊತ್ತಿತ್ತು ಅಮ್ಮ. ನನಗೆ ಗೊತ್ತಿರ್ಲಿಲ್ಲ.”

ಕ್ಯಾಸಿ ಹಾಳೆಯನ್ನು ಮೇಜಿನ ಮೇಲೆ ತಳ್ಳಿದಳು. ಜನೀನ್ ಅದನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟಳು. ಬರುವ ದಾರಿಯಲ್ಲಿ ಮೂರು ಮಾತು ಜೋಡಿಸಿಕೊಂಡಿದ್ದಳು. ಎರಡನ್ನು ಆಡಿಯಾಗಿತ್ತು.

“ಮೂವತ್ತೆರಡು ವರ್ಷದಿಂದ ನಿನಗೆ ಗೊತ್ತಿತ್ತು. ನನಗೇನೋ ಇದೆ, ಅದಕ್ಕೇ ಹೀಗೆ ಅಂತ. ಗೊತ್ತಿದ್ದೂ ಅಪ್ಪ ಮಲಗಿದ್ದ ದಿನ, ಅಷ್ಟೂ ಜನರ ಮುಂದೆ, ಇವಳಿಗೆ ಹೃದಯ ಇಲ್ಲ ಅಂದೆ.”

ಒಲೆಯ ಮೇಲೆ ಚಹಾ ಉಕ್ಕಿ ಚುರ್ರೆಂದಿತು. ಕ್ಯಾಸಿ ಏಳಲಿಲ್ಲ. “ದುಃಖದಲ್ಲಿ ಏನೋ ಅಂದೆ,” ಎಂದಳು. ಅದನ್ನು ಅವಳು ಕಿಟಕಿಗೆ ಹೇಳಿದಳು.

“ಅಪ್ಪನಿಗೆ ಗೊತ್ತಿತ್ತಾ?”

“ಏನು?”

“ಕೊಲೆಟ್ ವಿಷಯ.”

“ಬಾಗಿಲು ತೆಗೀತಿದ್ದವನು ಯಾರು ಮತ್ತೆ?”

ಜನೀನ್ ಎದ್ದು ಒಲೆ ಆರಿಸಿದಳು. ಚೆಲ್ಲಿದ್ದನ್ನು ಒರೆಸಿದಳು. ಬಟ್ಟೆ ಹಿಂಡಿ ಹರವಿದಳು. ಕೋಕೊ ಕೊಡುವಾಗ ಅಪ್ಪ ಎರಡು ಲೋಟ ತುಂಬಿಸಿ, ‘ನಿನ್ನ ಗೆಳತಿ ಬಂದ್ಮೇಲೆ ಕೊಡು, ಬಿಸಿ ಇರ್ಲಿ,’ ಎನ್ನುತ್ತಿದ್ದ. ನಿನ್ನ ಗೆಳತಿ ಎಂದೇ ಅನ್ನುತ್ತಿದ್ದ.

“ಆ ಪ್ಯಾರಾ ತೆಗೆಸು,” ಎಂದಳು ಕ್ಯಾಸಿ ಬಾಗಿಲವರೆಗೂ ಬಂದು. ಈಗ ಅವಳ ದನಿ ಸ್ವಲ್ಪ ಇಳಿದಿತ್ತು. “ತಪ್ಪಿದ್ರೆ ತಿದ್ದಬಹುದು ಅಂತ ಬರೆದಿದೆಯಲ್ಲ. ಕೊಲೆಟ್ ಮಕ್ಕಳಿಗೆ ಕಲಿಸಿ ಬದುಕ್ತಿದಾಳೆ, ನಾನು ಚರ್ಚಿಗೆ ಹೋಗ್ಬೇಕು. ನಾಳೆ ಇದು ನಿನ್ನ ಆಫೀಸಿಗೆ ಹೋಗುತ್ತೆ, ಆಮೇಲೆ ನೀಲಿ ಡಂಕನ್ ಬಾಯಿಗೆ. ಹೆಸರು ಬೇಕು ಅಂದೆ, ಸಿಕ್ತು. ಉಳಿದಿದ್ದು ಬಿಡು ಮಗಳೇ.”

ಮರುದಿನ ಜನೀನ್ ಹ್ಯಾಲಿಫ್ಯಾಕ್ಸಿಗೆ ಫೋನು ಮಾಡಿ, ಆ ಪ್ಯಾರಾ ತೆಗೆದರೆ ಏನಾಗುತ್ತದೆ ಎಂದು ಕೇಳಿದಳು. ಡಾಕ್ಟರ್ ಪ್ರಿಚರ್ಡ್ ವರದಿಯ ಹಾಳೆ ಮಗುಚಿದ ಸದ್ದು ಕೇಳಿಸಿತು.

“ತೆಗೆದ್ರೆ ನನ್ನ ಕೈಲಿ ಉಳಿಯೋದು ನಿಮ್ಮ ತಾಯಿಯ ಫಾರಂ, ಮತ್ತೆ ಹೇಗೆ ಹುಟ್ಟಿತು ಅಂತ ಯಾರೂ ಹೇಳದ ಒಂದು ದೊಡ್ಡ ಸ್ನೇಹ. ‘ಖಚಿತವಾಗಿ ಹೇಳಲಾಗದು’ ಅಂತ ಬರೀಬೇಕಾಗುತ್ತೆ. ಕ್ಷಮಿಸಿ ಜನೀನ್. ಇದನ್ನ ಫೋನಲ್ಲಾದ್ರೂ ಮೊದಲೇ ಹೇಳ್ಬೇಕಿತ್ತು ನಾನು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

“ಎಲ್ಲರೂ ಹಾಗೇ ಅಂದ್ಕೊಂಡಿದ್ರು ಅಂತ ಕಾಣುತ್ತೆ,” ಎಂದು ಜನೀನ್ ಫೋನಿಟ್ಟಳು.

*

ಗುರುವಾರ ಮಧ್ಯಾಹ್ನ ಅವಳು ತಿದ್ದುಪಡಿಯ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಳು. ಹದಿನಾರು ಪುಟವನ್ನೂ ಒಂದೊಂದು ಸಾಲಾಗಿ ಪರೀಕ್ಷಿಸಿದಳು. ನೀರಿನ ಮಾದರಿ ನೋಡುವಾಗಿನ ಹಾಗೆ, ಇರುವುದನ್ನು ಇರುವಂತೆ. ಹುಟ್ಟಿದ ತಾರೀಖು ಸರಿ. ಶಾಲೆಯ ಹೆಸರು ಸರಿ. ತಂದೆ ತೀರಿಕೊಂಡ ತಿಂಗಳು ಸರಿ. ತಾಯಿಯ ಫಾರಂ ನಂಬಲರ್ಹವಲ್ಲ ಎಂಬುದೂ ಸರಿ. ಐಸ್, ಒಂದೂವರೆ ಗಂಟೆ, ಸರಿ. ತಪ್ಪೆಂದು ಅವಳಿಗೆ ಕಂಡದ್ದು ಒಂದೇ.

ಪುಟ ಒಂಬತ್ತು, ಸಾಲು ಎರಡು ಎಂದು ಬರೆದಳು. ಈಗ ಇರುವುದು: ‘ಬಾಲ್ಯದ ಗೆಳತಿ’. ಇರಬೇಕಾದದ್ದು: ‘ಸಹಪಾಠಿ’.

ಕಾರಣ ಎಂಬ ಜಾಗದಲ್ಲಿ, ವರದಿಯನ್ನೇ ನೋಡಿ ಎಂದು ಬರೆದು ರುಜು ಮಾಡಿದಳು.

ಲಕೋಟೆ ಅಂಟಿಸುವ ಹೊತ್ತಿಗೆ ಹೊರಗೆ ಕೊಲೆಟ್‌ಳ ಗಾಡಿಯ ಸದ್ದಾಯಿತು. ಎರಡೂವರೆ, ಯಾವಾಗಿನ ಹೊತ್ತೇ. ಬಾಗಿಲ ಮೇಲೆ ಎರಡು ಬಡಿತ. ಜನೀನ್ ಬಾಗಿಲು ತೆರೆದಳು, ಆದರೆ ಪಕ್ಕಕ್ಕೆ ಸರಿಯಲಿಲ್ಲ. ಕೊಲೆಟ್ ಕೈಯಲ್ಲಿ ಮುಚ್ಚಿದ ಪಾತ್ರೆಯಿತ್ತು.

“ಮೀನಿನ ಸಾರು ತಂದಿದೀನಿ.” ಅವಳ ಕಣ್ಣು ಜನೀನ್‌ಳ ಹೆಗಲ ಮೇಲಿಂದ ಮೇಜಿನ ಕಡೆ ಹೋಯಿತು. “ಅದನ್ನೇನಾ ಬರೀತಿದ್ದಿದ್ದು? ತೆಗೆಸ್ತೀಯಾ ನಾನು ಹೇಳಿದ್ದನ್ನ? ಕ್ಯಾಸಿ ಫೋನ್ ಮಾಡಿದ್ಲು.”

“ಇಲ್ಲ. ನೀನು ಹೇಳಿದ್ದೆಲ್ಲ ಹಾಗೇ ಇರುತ್ತೆ. ಒಂದು ತಪ್ಪಿತ್ತು. ಗೆಳತಿ ಅಂತ ಇತ್ತು. ಸಹಪಾಠಿ ಅಂತ ಮಾಡಿದೆ.”

ಕೊಲೆಟ್ ಪಾತ್ರೆಯನ್ನು ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡು ನಿಂತಳು.

“ಆಮೇಲಿಂದು?” ಎಂದಳು ಕೊನೆಗೆ. “ಹತ್ತನೇ ಕ್ಲಾಸಾದ ಮೇಲಿಂದು? ಅದನ್ನೇನಂತ ಬರೆದೆ?”

“ಹನ್ನೆರಡು ವರ್ಷದವರೆಗಿನದನ್ನ ಮಾತ್ರ ಕೇಳಿದಾರೆ.”

“ನಾನು ಕೇಳ್ತಿದೀನಿ.”

ಜನೀನ್ ಅವಳ ಹುಬ್ಬುಗಳ ನಡುವೆ ನೋಡಲಿಲ್ಲ, ಎಣಿಸಲೂ ಇಲ್ಲ. ನೆಲ ನೋಡುತ್ತಲೇ ಮಾತಾಡಿದಳು. ಹಾಗೆ ಮಾತಾಡುವುದು ಸುಲಭವಾಗಿತ್ತು.

“ನನಗೆ ಗೊತ್ತಾಗೋ ಹಾಗಿಲ್ಲ ಕೊಲೆಟ್. ನಿನಗೇ ತಾರೀಖು ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ. ಮುಂದಿನ ಗುರುವಾರ ಬರ್ಬೇಡ. ಅದರ ಮುಂದಿಂದೂ ಬೇಡ.”

“ಎಲ್ಲಿವರೆಗೆ?”

ಜನೀನ್ ಹಿಂದಿರುಗಿ ಮೇಜಿನ ಮೇಲಿನ ಲಕೋಟೆ ಎತ್ತಿಕೊಂಡಳು.

“ಅಂಚೆ ಕಚೇರಿ ನಾಲ್ಕಕ್ಕೆ ಮುಚ್ಚುತ್ತೆ,” ಎಂದು ಹೇಳಿ, ಗೂಟದಿಂದ ಕೋಟು ತೆಗೆದುಕೊಂಡಳು.